ದಾದಿಗೆ ಪಗಾರ ಏಕೆ?

ಕನ್ನಡದಲ್ಲಿ 'ದಾದಿ' ಎಂದರೆ ನರ್ಸ್. ಉರ್ದುವಿನಲ್ಲಿ ಅದೇ ಪದಕ್ಕೆ ತಂದೆಯ ತಾಯಿ ಎಂಬ ಅರ್ಥ. ಇನ್ನು ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು 'ಸಿಸ್ಟರ್' ಎಂದು. ಸರ್ಕಾರಿ ಕಡತದಲ್ಲಿ ಈಗ ಆಕೆ 'ಶುಶ್ರೂಷಾಧಿಕಾರಿ'ಯಾಗಿದ್ದಾಳೆ, ಆದರೆ ಜನರ ನಾಲಿಗೆಯ ಮೇಲೆ ಇನ್ನೂ ಅಜ್ಜಿ ಅಥವಾ ಅಕ್ಕ. ಅಜ್ಜಿಗೂ ಅಕ್ಕನಿಗೂ ಯಾರೂ ಪಗಾರ ಎಣಿಸಿ ಕೊಡುವುದಿಲ್ಲ. ನರ್ಸಿಂಗ್ ಕಲಿತ ಹುಡುಗಿ ಮೊದಲ ನೌಕರಿ ಹುಡುಕಿ ಹೊರಟಾಗ ಆಕೆಗೆ ಎದುರಾಗುವ ಮೊದಲ ತೊಡಕು ಈ ಸಂಬಂಧವಾಚಕಗಳಲ್ಲೇ ಇದೆ. ಈ ತೊಡಕನ್ನು ಗಟ್ಟಿಗೊಳಿಸುವಲ್ಲಿ ನಮ್ಮ ಸಿನಿಮಾ ಮತ್ತು ಕಥೆಗಳ ಪಾಲು ದೊಡ್ಡದು.

1969ರ 'ಖಾಮೋಶಿ'ಯನ್ನೇ ತೆಗೆದುಕೊಳ್ಳೋಣ. ಅಸಿತ್ ಸೇನ್ ನಿರ್ದೇಶಿಸಿದ ಆ ಚಿತ್ರದಲ್ಲಿ ವಹೀದಾ ರೆಹಮಾನ್ ಮಾನಸಿಕ ಆಸ್ಪತ್ರೆಯ ನರ್ಸ್ ರಾಧಾ. ಹಿರಿಯ ವೈದ್ಯರ ಪ್ರಯೋಗಕ್ಕಾಗಿ ಆಕೆ ರೋಗಿಯನ್ನು ಪ್ರೀತಿಸುವಂತೆ ನಟಿಸಬೇಕು. ನಟನೆ ನಿಜವಾಗುತ್ತದೆ. ಗುಣವಾದ ರೋಗಿ ತನ್ನ ದಾರಿ ಹಿಡಿಯುತ್ತಾನೆ. ಎರಡನೆಯ ರೋಗಿಯೂ ಗುಣವಾಗುವ ಹೊತ್ತಿಗೆ ರಾಧಾಳೇ ಆ ಆಸ್ಪತ್ರೆಯ ರೋಗಿಯಾಗಿರುತ್ತಾಳೆ. ವಹೀದಾ ಅವರ ಅಭಿನಯದ ಎದುರು ನಾವು ಇಂದಿಗೂ ಮೂಕರಾಗುತ್ತೇವೆ. ವೃತ್ತಿಯ ಹೆಸರಿನಲ್ಲಿ ಹೆಣ್ಣಿನ ಮನಸ್ಸನ್ನು ಬಳಸಿ ಎಸೆಯುವ ಕ್ರೌರ್ಯವನ್ನು ಆ ಚಿತ್ರ ಗುರುತಿಸಿತು ಎಂಬುದೂ ನಿಜ. ಆದರೆ ಅದು ನಮ್ಮನ್ನು ಅಳಿಸುವುದು ರಾಧಾಳ ಪ್ರೀತಿಗಾಗಿ, ಆಕೆಯ ದುಡಿಮೆಗಾಗಿ ಅಲ್ಲ. ತಿಂಗಳ ಕೊನೆಯ ಪಗಾರ, ರಾತ್ರಿ ಪಾಳಿ, ಮನೆಗೆ ಕಳಿಸಬೇಕಾದ ಹಣ ಇವ್ಯಾವುವೂ ಆ ಕಣ್ಣೀರಿನ ಕಥೆಗೆ ಬೇಕಾಗುವುದಿಲ್ಲ.

ಈ ತೆರೆಯಿಂದ ಕಣ್ಣು ತೆಗೆದು ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳ ಕಡೆ ನೋಡೋಣ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಲ್ಲ ಕಡೆಯಿಂದಲೂ ನೌಕರಿಯ ದಾರಿ ಹುಬ್ಬಳ್ಳಿಗೆ ಹೋಗುತ್ತದೆ. ಪಿಯುಸಿಯ ನಂತರ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಪಾಸಾದರೆ ಮುಗಿಯಲಿಲ್ಲ. ಬೆಂಗಳೂರಿನ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗದೆ ಆಕೆ ನರ್ಸ್ ಅಲ್ಲ. ಆಮೇಲೆ ಬರುವುದು 'ಅನುಭವ ಎಷ್ಟು?' ಎಂಬ ಪ್ರಶ್ನೆ. ಕೆಲಸ ಸಿಗದೆ ಅನುಭವ ಬರದು, ಅನುಭವವಿಲ್ಲದೆ ಕೆಲಸ ಸಿಗದು. ಸರ್ಕಾರಿ ಹುದ್ದೆಗೆ ಕಾಯುವಷ್ಟು ತ್ರಾಣ ಸಾಲ ಮಾಡಿದ ಮನೆಗೆ ಇರುವುದಿಲ್ಲ. ಕಾಯಂ ನೇಮಕದ ಬದಲು ಗುತ್ತಿಗೆ, ಗುತ್ತಿಗೆಯ ಬದಲು ಹೊರಗುತ್ತಿಗೆ. ಉಳಿದದ್ದು ಊರಿನ ಸಣ್ಣ ನರ್ಸಿಂಗ್ ಹೋಮ್. ಅಲ್ಲಿ ರಾತ್ರಿ ಪಾಳಿ ಇದೆ, ಹಳ್ಳಿಗೆ ರಾತ್ರಿ ಬಸ್ಸಿಲ್ಲ. ಬಸ್ಸಿದ್ದರೂ ಆ ಹೊತ್ತಿಗೆ ಮಗಳು ಬರುವುದನ್ನು ಓಣಿ ನೋಡುತ್ತಿರುತ್ತದೆ. ಇದು ಮುಸ್ಲಿಮರ ಓಣಿಯ ಮಾತು ಮಾತ್ರವಲ್ಲ, ಎಲ್ಲ ಓಣಿಗಳದ್ದೂ ಹೌದು.

ಅದೇ ಮನೆಯಲ್ಲಿ ಮಗ ಮಾಡಿದರೆ ಅದು ನೌಕರಿ, ಮಗಳು ಮಾಡಿದರೆ ಖಿದ್ಮತ್. ಕನ್ನಡದಲ್ಲಿ ಹೇಳುವುದಾದರೆ ಸೇವೆ. ಪ್ರತಿ ವರ್ಷ ಮೇ 12ರಂದು ದಾದಿಯರ ದಿನದ ವೇದಿಕೆಯಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಬರುತ್ತಾರೆ. ಅವರು ಪಗಾರವಿಲ್ಲದೆ ದುಡಿಯಬಲ್ಲವರಾಗಿದ್ದರು ನಿಜ. 1853ರಲ್ಲಿ ಅವರ ತಂದೆ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿದ್ದರು ಎಂಬುದನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಮರುವರ್ಷ ಅವರೊಂದಿಗೆ ಸ್ಕುಟಾರಿಗೆ ಹೋದ 38 ಮಂದಿಯಲ್ಲಿ ಆಸ್ಪತ್ರೆಗಳಿಂದ ಬಂದ ದಾದಿಯರಿಗೆ ಕೂಲಿ ಇತ್ತು. ನಮ್ಮ ವೇದಿಕೆಗಳಲ್ಲಿ ಹಜ್ರತ್ ರುಫೈದಾ ಅವರ ಹೆಸರೂ ಕೇಳಿಬರುತ್ತದೆ. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ ಅವರನ್ನು ಇರಿಸಿದ್ದು ಮದೀನಾದ ಮಸೀದಿಯಲ್ಲೇ ಇದ್ದ ಆಕೆಯ ಗುಡಾರದಲ್ಲಿ. ಊರಿನ ನಡುಮಧ್ಯದಲ್ಲಿ, ಎಲ್ಲರ ಕಣ್ಣೆದುರು, ಹೆಣ್ಣೊಬ್ಬಳ ಕಸಬಿಗೆ ಜಾಗ ಸಿಕ್ಕಿತ್ತು. ಆ ಹೆಸರನ್ನು ಭಾಷಣದಲ್ಲಿ ಹೇಳಿ, ಮನೆಯ ಮಗಳ ರಾತ್ರಿ ಪಾಳಿಗೆ ಮುಖ ಗಂಟಿಕ್ಕುವುದು ಯಾವ ನ್ಯಾಯ?

ಪಗಾರದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ತರಬೇತಿ ಪಡೆದ ದಾದಿಯರ ಸಂಘದ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. ಖಾಸಗಿ ಆಸ್ಪತ್ರೆಗಳಲ್ಲಿ 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು ಸಮಿತಿ. ಜಾರಿ ಮಾಡುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಬೀದಿಗಿಳಿದು ಹೋರಾಡಿದ ದಾದಿಯರಿದ್ದ ಕೇರಳ 2018ರಲ್ಲಿ 20,000ದ ಕನಿಷ್ಠ ಮೂಲವೇತನವನ್ನು ಅಧಿಸೂಚನೆಯಾಗಿಸಿತು. ಸಂದರ್ಶನಕ್ಕೆ ಹೋಗುವ ಹುಡುಗಿಗೆ ಈ ಅಂಕಿಗಳು ಗೊತ್ತಿರಬೇಕು. ಆಗ ಆಕೆ ಕೇಳುವುದು ದಯೆಯಾಗುವುದಿಲ್ಲ.

ಆ ಕೇರಳದಿಂದಲೇ ಬಂದ ಮಹೇಶ್ ನಾರಾಯಣನ್ ಅವರ 'ಟೇಕ್ ಆಫ್' (2017) 'ಖಾಮೋಶಿ'ಗೆ ಒಳ್ಳೆಯ ಉತ್ತರ. 2014ರಲ್ಲಿ ಇರಾಕಿನ ತಿಕ್ರೀತ್‌ನಲ್ಲಿ ಸಿಲುಕಿ ಪಾರಾಗಿ ಬಂದ 46 ಭಾರತೀಯ ದಾದಿಯರ ಘಟನೆ ಅದರ ಬೆನ್ನೆಲುಬು. ಪಾರ್ವತಿ ಅಭಿನಯಿಸಿದ ಸಮೀರಾ ಮುಸ್ಲಿಂ ನರ್ಸ್, ವಿಚ್ಛೇದಿತೆ, ಸಾಲದ ಹೊರೆ ಹೊತ್ತವಳು. ಆಕೆ ದೇವತೆಯಲ್ಲ, ರೇಗುತ್ತಾಳೆ, ಲೆಕ್ಕ ಹಾಕುತ್ತಾಳೆ. ಯುದ್ಧದ ನಾಡಿಗೆ ಹೊರಡುವುದು ಸೇವೆಯ ಹಂಬಲದಿಂದಲ್ಲ, ಪಗಾರಕ್ಕಾಗಿ. ಆಕೆ ದುಡಿಯುವುದನ್ನು ಸಹಿಸದ ಮನೆಯನ್ನೂ ಚಿತ್ರ ಮುಚ್ಚಿಡುವುದಿಲ್ಲ. ಆದರೆ ಉತ್ತರಾರ್ಧದಲ್ಲಿ ಕಥೆ ರಾಯಭಾರಿಯ ಕೈಗೆ ಹೋಗುತ್ತದೆ. ದಾದಿಯರು ಪಾರುಗಾಣಿಸಬೇಕಾದ ಜೀವಗಳಾಗಿಬಿಡುತ್ತಾರೆ. ಸಾಲದ ಪ್ರಶ್ನೆ ಬಂದೂಕಿನ ಸದ್ದಿನಲ್ಲಿ ಮುಳುಗುತ್ತದೆ. ವಿಮಾನ ಇಳಿದ ಮರುದಿನ ಆ ಸಾಲ ಯಾರು ತೀರಿಸಿದರು? ಅಲ್ಲಿಂದ ಶುರುವಾಗಬೇಕಿದ್ದ ಕಥೆ ಅಲ್ಲಿಗೇ ನಿಲ್ಲುತ್ತದೆ. 2015ರಲ್ಲಿ ಸರ್ಕಾರ ಕೊಲ್ಲಿ ದೇಶಗಳಿಗೆ ದಾದಿಯರ ನೇಮಕವನ್ನು ಖಾಸಗಿ ಏಜೆಂಟರ ಕೈಯಿಂದ ಬಿಡಿಸಿ ಸರ್ಕಾರಿ ಸಂಸ್ಥೆಗಳಿಗೆ ವಹಿಸಲು ಹೊರಟದ್ದು, ಏಜೆಂಟರಿಗೆ ಲಕ್ಷಗಟ್ಟಲೆ ತೆತ್ತವರ ಗೋಳು ಹೆಚ್ಚಿದ್ದರಿಂದಲೇ.

ಕನ್ನಡದಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಮುಸ್ಲಿಂ ಹೆಣ್ಣಿನ ಮನೆಯ ಬಾಗಿಲನ್ನು ಒಳಗಿನಿಂದ ತೆರೆದರು. ಆ ಬಾಗಿಲಿನಿಂದ ಈಗ ಒಂದು ಪೀಳಿಗೆ ಹೊರಗೆ ಬಂದಿದೆ. ನವಲಗುಂದದ ಜಮಖಾನಗಳನ್ನು ಮನೆಯೊಳಗೇ ಕುಳಿತು ನೇಯ್ದವರು ಮುಸ್ಲಿಂ ಹೆಣ್ಣುಮಕ್ಕಳು. ಜಮಖಾನಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿದೆ, ನೇಯ್ದ ಬೆರಳುಗಳ ಕೂಲಿಯ ಬಗ್ಗೆ ಕೇಳಿದವರು ಕಡಿಮೆ. ಮಗ್ಗ ಬಿಟ್ಟು ಫೈಲು ಹಿಡಿದ ಅವರ ಮಗಳಿಗೂ ಹಾಗೆಯೇ ಆಗಬಾರದು. ಆಕೆಯನ್ನು ಬರೆಯುವ ಕಥೆಗಾರರು ಬಿಳಿ ಉಡುಪನ್ನೂ ದೀಪವನ್ನೂ ತುಸು ಪಕ್ಕಕ್ಕಿಟ್ಟು, ಹುಬ್ಬಳ್ಳಿಯ ಬಸ್ಸಿನ ಟಿಕೆಟು, ನೋಂದಣಿಯ ಶುಲ್ಕ, ಮೇಜಿನ ಆಚೆ ಕುಳಿತವರು ಹೇಳಿದ ಮೊತ್ತ, ಅದಕ್ಕೆ ಆಕೆ ಕೊಟ್ಟ ಉತ್ತರ ಇವನ್ನೂ ಬರೆಯಲಿ. ಓದುಗರಿಗೆ ತಮ್ಮ ಮನೆಯ ಹುಡುಗಿ ಅಲ್ಲಿ ಕಂಡಾಳು.