ಒಂದು ರೂಮು ಜಾಸ್ತಿ

ದುಃಖದ ಸಿನಿಮಾಗಳ ಮೇಲೆ ನನ್ನದೊಂದು ತಕರಾರಿದೆ. ಕೊನೆಯ ಹತ್ತು ನಿಮಿಷದಲ್ಲಿ ಎಲ್ಲರೂ ಸರಿಹೋಗಿಬಿಡ್ತಾರೆ. ಒಂದು ಮಗು, ಒಂದು ನಾಯಿ, ಇಲ್ಲಾ ಒಂದು ಲಾಂಗ್ ಡ್ರೈವ್ ಸಾಕು, ಗಾಯ ಮಾಯ! ಕೆನೆತ್ ಲೊನರ್ಗನ್ ಬರೆದು ನಿರ್ದೇಶಿಸಿದ 'ಮ್ಯಾಂಚೆಸ್ಟರ್ ಬೈ ದಿ ಸೀ' (2016) ಈ ಮೋಸ ಮಾಡೋದಿಲ್ಲ. (ಕಥೆ ಗೊತ್ತಾಗೋದು ಬೇಡ ಅನ್ನೋರು ಸಿನಿಮಾ ನೋಡಿಬಂದು ಮುಂದೆ ಓದಿ.)

ಲೀ (ಕೇಸಿ ಅಫ್ಲೆಕ್) ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಅಪಾರ್ಟ್‌ಮೆಂಟುಗಳ ನಲ್ಲಿ, ಟಾಯ್ಲೆಟ್ ರಿಪೇರಿ ಮಾಡಿಕೊಂಡು, ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ಬದುಕ್ತಿದ್ದಾನೆ. ಅಣ್ಣ ತೀರಿಕೊಂಡ ಅಂತ ಊರಿಗೆ ಬಂದರೆ, ಅಣ್ಣನ ಹದಿಹರೆಯದ ಮಗ ಪ್ಯಾಟ್ರಿಕ್‌ನ ಜವಾಬ್ದಾರಿ ಇವನ ತಲೆಗೇ ಬಂದಿರುತ್ತೆ. ಲೀಯ ಮೂರೂ ಮಕ್ಕಳು ಮನೆಯೊಳಗೆ ಸುಟ್ಟುಹೋದದ್ದು ಅದೇ ಊರಲ್ಲಿ. ಬೆಂಕಿಗೂಡಿಗೆ ಕಟ್ಟಿಗೆ ಹಾಕಿ, ಮುಂದಿನ ಜಾಲರಿ ಇಡೋದು ಮರೆತು, ಬಿಯರ್ ತರೋಕೆ ಹೋಗಿದ್ದ.

ಪೊಲೀಸರು ಎಲ್ಲ ಕೇಳಿಸಿಕೊಂಡು, ಇದು ಅಪರಾಧ ಅಲ್ಲ, ನೀನಿನ್ನು ಹೋಗಬಹುದು ಅಂತಾರೆ. ಅವನಿಗೆ ನಂಬೋಕಾಗಲ್ಲ. ಮರುಕ್ಷಣ ಪೊಲೀಸಿನವನೊಬ್ಬನ ಬಂದೂಕು ಕಿತ್ತುಕೊಂಡು ತನ್ನ ತಲೆಗೇ ಇಟ್ಟುಕೊಳ್ತಾನೆ. ಇಡೀ ಚಿತ್ರದ ಬೀಗದ ಕೈ ಇಲ್ಲಿದೆ ಅನ್ಸುತ್ತೆ ನನಗೆ. ಕೋರ್ಟು ಶಿಕ್ಷೆ ಕೊಟ್ಟಿದ್ದರೆ ಅದಕ್ಕೊಂದು ಕೊನೇ ತಾರೀಖಾದರೂ ಇರ್ತಿತ್ತು. ಕೊಡಲಿಲ್ಲ, ಹಾಗಾಗಿ ತಾನೇ ಕೊಟ್ಟುಕೊಂಡ. ಆ ನೆಲಮಾಳಿಗೆಯ ಕೋಣೆ ಅವನ ಜೈಲು.

ಲೊನರ್ಗನ್‌ಗೆ ದುಃಖ ಎಲ್ಲಿಂದ ನುಗ್ಗುತ್ತೆ ಅನ್ನೋದು ಚೆನ್ನಾಗಿ ಗೊತ್ತು. ಚಳಿಗೆ ನೆಲ ಗಟ್ಟಿಯಾಗಿದೆ, ಮಣ್ಣು ಮಾಡೋಕೆ ವಸಂತದವರೆಗೆ ಕಾಯಬೇಕು, ಅಲ್ಲಿವರೆಗೆ ಹೆಣ ಫ್ರೀಜರಿನಲ್ಲಿ. ಹಾಕಿ, ಬ್ಯಾಂಡು, ಇಬ್ಬರು ಗರ್ಲ್‌ಫ್ರೆಂಡ್ಸ್ ಅಂತ ಆರಾಮಾಗಿ ಓಡಾಡ್ಕೊಂಡಿದ್ದ ಪ್ಯಾಟ್ರಿಕ್, ಒಂದು ರಾತ್ರಿ ಮನೆಯ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಚಿಕನ್ ಜಾರಿ ಬಿದ್ದದ್ದೇ ಕುಸಿದುಹೋಗ್ತಾನೆ. ಲೀಗೆ ಸಮಾಧಾನ ಹೇಳೋಕೆ ಬರಲ್ಲ. ಬಾಗಿಲು ಒದ್ದು ಒಳಗೆ ಬಂದು ಸುಮ್ಮನೆ ಪಕ್ಕದಲ್ಲಿ ಕೂರ್ತಾನೆ, ಅಷ್ಟೆ.

ದೂರು ಇಲ್ಲವೇ ಅಂದ್ರೆ, ಇದೆ. ಬೆಂಕಿಯ ದೃಶ್ಯದುದ್ದಕ್ಕೂ 'ಅಲ್ಬಿನೋನಿಯ ಅಡಾಜಿಯೋ' ಎಂದೇ ಹೆಸರಾದ ಸಂಗೀತ ಮೊರೆಯುತ್ತೆ. ಉರಿಯೋ ಮನೆಯ ಮುಂದೆ ದಿನಸಿ ಚೀಲ ಹಿಡಿದು ನಿಂತ ಅಪ್ಪನ ಮುಖ ಸಾಲದೇ? ಅಳಿ ಅಂತ ನಮಗೆ ಹೇಳಿಕೊಡಬೇಕಿರಲಿಲ್ಲ. ರಸ್ತೆಯಲ್ಲಿ ಮಾಜಿ ಹೆಂಡತಿ (ಮಿಶೆಲ್ ವಿಲಿಯಮ್ಸ್) ಕ್ಷಮೆ ಕೇಳುವ ದೃಶ್ಯ ನೋಡಿ: ಇಬ್ಬರದೂ ಒಂದು ವಾಕ್ಯ ಪೂರ್ತಿಯಾಗಲ್ಲ, ಆ ತೊದಲಿಗೇ ನಮ್ಮ ಗಂಟಲು ಕಟ್ಟುತ್ತೆ.

ಚಿತ್ರಕ್ಕೆ ಎರಡು ಆಸ್ಕರ್ ಬಂತು, ನಟನೆಗೆ ಮತ್ತು ಮೂಲ ಚಿತ್ರಕಥೆಗೆ. ಆದರೆ ಇದನ್ನು ನೋಡಿ ಅನ್ನೋಕೆ ನನ್ನ ಕಾರಣ ಬೇರೆ. ಮೂರು ದಿನ ರಜೆ ಕೊಟ್ಟು ನಾಲ್ಕನೇ ದಿನ 'ಈಗ ಪರವಾಗಿಲ್ವಾ?' ಅಂತ ಕೇಳೋ ಕಾಲ ಇದು. ಕೇಳಿದವರಿಗೆ 'ಪರವಾಗಿಲ್ಲ' ಅನ್ನೋ ಉತ್ತರ ಬಿಟ್ಟು ಬೇರೆ ಬೇಕಿರಲ್ಲ. ಲೀ ಆ ಉತ್ತರ ಕೊಡಲ್ಲ. ತನ್ನಿಂದ ಇದನ್ನ ಗೆಲ್ಲೋಕಾಗಲ್ಲ ಅಂತ ಹುಡುಗನಿಗೆ ನೇರ ಹೇಳಿ, ಅವನಿಗೆ ಒಳ್ಳೆ ಮನೆಯೊಂದನ್ನು ಗೊತ್ತುಮಾಡಿ, ತಾನು ಬಾಸ್ಟನ್‌ಗೆ ಹೊರಡ್ತಾನೆ. ಅಲ್ಲಿ ಒಂದು ರೂಮು ಜಾಸ್ತಿ ಇರೋ ಮನೆ ಹುಡುಕ್ತಿದ್ದಾನಂತೆ, ಹುಡುಗ ಯಾವಾಗಲಾದರೂ ಬಂದರೆ ಇರಲಿ ಅಂತ.

ಅವನು ವಾಸಿಯಾಗಿಲ್ಲ. ಜೈಲಿಗೆ ಒಂದು ರೂಮು ಸೇರಿಸಿಕೊಂಡಿದ್ದಾನೆ. ಅಷ್ಟನ್ನೂ ನಿಜವಾಗಿ ತೋರಿಸೋದಕ್ಕೆ ಎರಡೂಕಾಲು ಗಂಟೆ ಬೇಕಾಯ್ತು.