ಕರಾಚಿಗೆ ಗುಂಡು ಹಾರಿಸದ ‘ಮೈಸೂರು’

ಮುಧೋಳ ಸೀಮೆಯ ಕಬ್ಬಿನ ಹೊಲಗಳ ನಡುವೆ ಕೂತು ಯುದ್ಧನೌಕೆಯ ಮಾತೆತ್ತಲು ನನಗೆ ರನ್ನನೇ ನೆಪ. ಬೆಳಗಲಿಯ ಈ ಕವಿ ‘ಗದಾಯುದ್ಧ’ದಲ್ಲಿ ಮಹಾಭಾರತವನ್ನು ಮೊದಲಿನಿಂದ ಹೇಳುತ್ತ ಹೋಗಲಿಲ್ಲ. ಕೊನೆಯ ದಿನದ ಕಾಳಗದಲ್ಲಿ ಕಾಲೂರಿ, ಅಲ್ಲಿಂದ ಹಿಂದಿನದನ್ನೆಲ್ಲ ತಿರುಗಿ ನೋಡಿದ. ಸಿಂಹಾವಲೋಕನ ಎಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ಹಡಗುಗಳ ಸೇವಾಚರಿತ್ರೆ ಬರೆಯುವವರಿಗೆ ಈ ವಿದ್ಯೆ ಒಲಿದಿಲ್ಲ. ಇಂಥ ದಿನ ಕಟ್ಟಿದರು, ಇಂಥ ದಿನ ನೀರಿಗಿಳಿಸಿದರು, ಇಂಥವರು ಕ್ಯಾಪ್ಟನ್, ಇಂಥ ದಿನ ಬಿಡುಗಡೆ ಎಂದು ಜಮಾಖರ್ಚು ಒಪ್ಪಿಸಿ ಮುಗಿಸುತ್ತಾರೆ. ಐಎನ್‌ಎಸ್ ಮೈಸೂರು ಎಂಬ ಲಘು ಕ್ರೂಸರಿಗೂ ಇದೇ ಗತಿಯಾಗಿದೆ. ಅದರ ಜೊತೆಗೆ, ಅದು ಮಾಡದ ಕೆಲಸದ ಕೀರ್ತಿಯೂ ಅದರ ತಲೆಗೆ ಬಂದಿದೆ.

ಮೊದಲು ಅದು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ. 1939ರ ಜುಲೈನಲ್ಲಿ ಟೈನ್ ನದಿಯ ದಂಡೆಯ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಟ್ಟೆಯಿಂದ ನೀರಿಗಿಳಿಯಿತು. 1941ರ ಜೂನ್‌ನಲ್ಲಿ ಉತ್ತರ ಸಮುದ್ರದಾಚೆ ಜರ್ಮನರ ಹವಾಮಾನ ವರದಿಯ ಹಡಗು ‘ಲಾಯೆನ್‌ಬುರ್ಗ್’ ಅನ್ನು ಹಿಡಿದ ಗುಂಪಿನಲ್ಲಿ ಇದೂ ಇತ್ತು. ಎನಿಗ್ಮಾ ಗುಪ್ತಲಿಪಿ ಬಿಡಿಸುವವರಿಗೆ ಬೇಕಾದ ಕಾಗದಗಳು ಅಲ್ಲಿ ಸಿಕ್ಕವು. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಆಹಾರ, ಇಂಧನ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿ ಸಾಗುವಾಗ ಇಟಲಿಯ ಜಲಾಂತರ್ಗಾಮಿ ‘ಆಕ್ಸುಮ್’ ಇದಕ್ಕೆ ಟಾರ್ಪೆಡೊ ಹೊಡೆಯಿತು. 52 ಮಂದಿ ಸತ್ತರು. ಹಡಗು ಹೇಗೋ ಏಗಿಕೊಂಡು ಜಿಬ್ರಾಲ್ಟರ್ ಸೇರಿತು.

ನಮ್ಮಲ್ಲಿ ‘ಮೈಸೂರು’ ಬಗ್ಗೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಮೊದಲ ಕ್ರೂಸರ್ ‘ದೆಹಲಿ’ಗೆ ಈ ಅನ್ಯಾಯ ಆಗಲಿಲ್ಲ. ಅದು ‘ಅಕಿಲೀಸ್’ ಆಗಿದ್ದಾಗ ರಿವರ್ ಪ್ಲೇಟ್ ಬಳಿ ಕಾದಾಡಿತ್ತು. ಆ ಕಾಳಗದ ಮೇಲೆ 1956ರಲ್ಲಿ ಸಿನಿಮಾ ಬಂದಾಗ ತನ್ನ ಪಾತ್ರವನ್ನು ತಾನೇ ಮಾಡಿತು. ಮಾಲ್ಟಾದ ದಾರಿಯಲ್ಲಿ ಸತ್ತವರು ನಮ್ಮವರಲ್ಲ, ಆದರೆ ನಾವು ಕೊಂಡದ್ದು ಅದೇ ಒಡಲನ್ನು.

ಕೊಂಡದ್ದು 1954ರಲ್ಲಿ. ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ನೌಕಾಪಡೆಗೆ ಸೇರಿಸಿಕೊಂಡರು. ಇಲ್ಲೊಂದು ತಮಾಷೆಯಿದೆ. ಹಡಗು ಖರೀದಿಯಾದಾಗ ಬೆಳಗಲಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಅದು ‘ಮೈಸೂರು’ ಆಗುವ ಹೊತ್ತಿಗೆ ಊರೂ ಮೈಸೂರು ರಾಜ್ಯಕ್ಕೆ ಸೇರಿತ್ತು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಹಡಗು ಮಾತ್ರ ಹಳೆಯ ಹೆಸರಲ್ಲೇ ತೇಲಿತು.

ಹುಟ್ಟುವಾಗ ಹನ್ನೆರಡು ಆರು-ಇಂಚಿನ ತೋಪುಗಳಿದ್ದ ಹಡಗಿಗೆ ನಮ್ಮ ಕೈಗೆ ಬಂದಾಗ ಉಳಿದಿದ್ದು ಒಂಬತ್ತು. ಆದರೂ ನೋಡಲು ಗತ್ತಿತ್ತು. ಗತ್ತು ಕೆಲವೊಮ್ಮೆ ಅತಿಯೂ ಆಯಿತು: 1959ರಲ್ಲಿ ಸಿಂಹಳದ ಬಳಿ ಕವಾಯತಿನಲ್ಲಿ ಬ್ರಿಟಿಷರ ‘ಹೋಗ್’ ಎಂಬ ನೌಕೆಗೂ ಇದಕ್ಕೂ ಡಿಕ್ಕಿಯಾಗಿ ‘ಹೋಗ್’ನ ಮೂತಿ ನುಜ್ಜುಗುಜ್ಜಾಯಿತು. ಆ ನೌಕೆ ಮುಂದೆ ಗುಜರಿಗೆ ಹೋಯಿತು. ಅಭಿಮಾನದ ಬರಹಗಳಲ್ಲಿ ಇದು ಕಾಣುವುದು ಅಪರೂಪ.

ಇನ್ನು ‘ಮೈಸೂರು’ ಕನ್ನಡ ನೆಲದ ಹತ್ತಿರ ಬಂದ ದಿನ. ಕಾರವಾರದ ದಂಡೆಯಲ್ಲಿ ನಿಂತರೆ ಕಣ್ಣಿಗೆ ಬೀಳುವ ಅಂಜುದೀವ್ ದ್ವೀಪ ಆಗ ಗೋವಾದಂತೆಯೇ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿನ ಕಾವಲುಪಡೆ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನತ್ತ ಗುಂಡು ಹಾರಿಸಿತು. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ‘ಮೈಸೂರು’ ದ್ವೀಪದ ಮುಂದೆ ನಿಂತವು. ನಾವಿಕರ ದಳ ದೋಣಿಗಳಲ್ಲಿ ದಡಕ್ಕಿಳಿಯಿತು. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರು ಎನ್ನುವುದು ನಮ್ಮ ಕಡೆಯ ದಾಖಲೆಗಳ ಮಾತು. ಏಳು ಮಂದಿ ನಾವಿಕರು ಸತ್ತರು. ಶರಣಾಗತಿ ಪೂರ್ತಿಯಾದದ್ದು ಮರುದಿನ.

ಇಲ್ಲಿ ವಿಮರ್ಶಕ ಸ್ವಲ್ಪ ನಿಲ್ಲಬೇಕು. ಅಷ್ಟು ದೊಡ್ಡ ಹಡಗು, ಅಷ್ಟು ದೊಡ್ಡ ತೋಪುಗಳು. ಆದರೆ ಸಣ್ಣ ದ್ವೀಪದಲ್ಲಿ ಮರೆಯಲ್ಲಿ ಕೂತ ಕೆಲವರ ಗುಂಡಿಗೆ ಎದೆಯೊಡ್ಡಿ ಇಳಿದವರು ದೋಣಿಯ ಹುಡುಗರು. ಕ್ರೂಸರಿನ ಬಲ ಎಷ್ಟು, ಅದರ ಮಿತಿ ಎಲ್ಲಿ ಎನ್ನುವುದಕ್ಕೆ ಅಂಜುದೀವ್‌ಗಿಂತ ಒಳ್ಳೆಯ ಪಾಠ ಅದರ ಬದುಕಿನಲ್ಲಿ ಬೇರೆಯಿಲ್ಲ. ಸೇವಾಚರಿತ್ರೆಗಳು ಮಾತ್ರ ಇದನ್ನು ದಾಟಿ 1971ರ ಪಾಕಿಸ್ತಾನದ ಯುದ್ಧಕ್ಕೆ ಓಡುತ್ತವೆ.

1971ರ ಕಥೆ ಹೀಗೆ ಪ್ರಚಾರದಲ್ಲಿದೆ: ಪಶ್ಚಿಮ ನೌಕಾದಳದ ಫ್ಲ್ಯಾಗ್‌ಶಿಪ್ ‘ಮೈಸೂರು’ ಕರಾಚಿಯ ಮೇಲಿನ ದಾಳಿಯನ್ನು ಮುನ್ನಡೆಸಿತು. ಫ್ಲ್ಯಾಗ್‌ಶಿಪ್ ಎಂಬುದು ನಿಜ. ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರಲ್ಲಿದ್ದರು, ಕ್ಯಾಪ್ಟನ್ ಆರ್.ಕೆ.ಎಸ್. ಗಾಂಧಿ ಅದನ್ನು ನಡೆಸುತ್ತಿದ್ದರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ನುಗ್ಗಿದ್ದು ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಬೆಂಗಾವಲಿಗೆ ‘ಕಿಲ್ತಾನ್’ ಮತ್ತು ‘ಕಚ್ಛಲ್’. ಪಾಕಿಸ್ತಾನದ ವಿಧ್ವಂಸಕ ನೌಕೆ ‘ಖೈಬರ್’ ಮುಳುಗಿದ್ದು ಆ ದೋಣಿಗಳ ರಷ್ಯನ್ ಕ್ಷಿಪಣಿಯಿಂದ. ‘ಮೈಸೂರು’ ಕರಾಚಿಗೆ ಒಂದು ಗುಂಡೂ ಹಾರಿಸಲಿಲ್ಲ. ಅರಬ್ಬೀ ಸಮುದ್ರದಲ್ಲಿ ಮುಖ್ಯ ದಳದೊಡನೆ ಇದ್ದು ಶತ್ರುವಿನ ಗಮನ, ಆತಂಕ ಎರಡನ್ನೂ ಹಿಡಿದಿಟ್ಟದ್ದೇ ಅದರ ಕೆಲಸ. ಸಣ್ಣ ಕೆಲಸವೇನಲ್ಲ, ಆದರೆ ಅದು ಬೇರೆ ಕೆಲಸ.

1967ರಲ್ಲೇ ಈಜಿಪ್ಟಿನ ಕ್ಷಿಪಣಿ ದೋಣಿಗಳು ಇಸ್ರೇಲಿನ ‘ಐಲಾಟ್’ ಅನ್ನು ಮುಳುಗಿಸಿದಾಗ ತೋಪಿನ ಹಡಗುಗಳ ಕಾಲ ತೀರಿತ್ತು. ಅದನ್ನು ಚೆನ್ನಾಗಿ ಅರಿತವರು ಅಡ್ಮಿರಲ್ ಎಸ್.ಎಂ. ನಂದಾ. ಬಾಲ್ಯ ಕಳೆದದ್ದು ಕರಾಚಿ ಬಂದರಿನ ಮನೋರಾದಲ್ಲಿ; 1971ರಲ್ಲಿ ನೌಕಾಪಡೆಯ ಮುಖ್ಯಸ್ಥರು. 1957ರಲ್ಲಿ ‘ಮೈಸೂರು’ ಕ್ರೂಸರಿನ ಮೊದಲ ಕ್ಯಾಪ್ಟನ್ ಕೂಡ ಅವರೇ! ಆರು-ಇಂಚಿನ ತೋಪಿನ ದೂರವನ್ನು ಅಳೆದು ಬಲ್ಲವರೇ, ತಮ್ಮ ಹಳೆಯ ಹಡಗನ್ನು ಬಿಟ್ಟು ದೋಣಿಗಳನ್ನು ಕಳಿಸಲು ಒಪ್ಪಿದರು. ರನ್ನನ ಹಾಗೆ ಕೊನೆಯ ಕಾಳಗದಲ್ಲಿ ನಿಂತು ಹಿಂದಿರುಗಿ ನೋಡಿದರೆ ‘ಮೈಸೂರು’ ಕೊಟ್ಟ ದೊಡ್ಡ ಫಲ ಇದು: ಅದರ ಮಿತಿಯನ್ನು ಅದರ ಡೆಕ್ಕಿನ ಮೇಲೇ ನಿಂತು ಕಲಿತ ಅಧಿಕಾರಿ. ಕ್ರೂಸರನ್ನು ತೋಪಿನ ವೇದಿಕೆಯೆಂದು ಅಳೆದರೆ ತೂಕ ಕಡಿಮೆ, ಪಾಠಶಾಲೆಯೆಂದು ಅಳೆದರೆ ಜಾಸ್ತಿ. ಕೊನೆಯ ವರ್ಷಗಳಲ್ಲಿ ಕೆಡೆಟ್‌ಗಳ ತರಬೇತಿಗೆ ಅದನ್ನು ಬಳಸಿದ್ದೂ ಇದಕ್ಕೆ ಒಪ್ಪುತ್ತದೆ.

1985ರ ಆಗಸ್ಟ್ 20ರಂದು ಅದನ್ನು ಸೇವೆಯಿಂದ ಬಿಡಿಸಿದರು. ಅದೇ ಹೆಸರನ್ನು 1999ರ ಜೂನ್ 2ರಂದು ಪಡೆದದ್ದು ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ವಿಧ್ವಂಸಕ ನೌಕೆ. ಅದರ ಲಾಂಛನ ಗಂಡಭೇರುಂಡ, ಅದರ ಮುಖ್ಯ ಆಯುಧ ಕ್ಷಿಪಣಿ.