ಬೌರಿಂಗ್‌ಪೇಟೆಯಿಂದ ಓದಿದ ಹ್ಯಾನ್ಸಾರ್ಡ್

ರೈಲ್ವೆ ಟಿಕೆಟ್ಟಿನಲ್ಲಿ ನಮ್ಮ ಸ್ಟೇಷನ್ನಿನ ಕೋಡು ಬಿಡಬ್ಲ್ಯುಟಿ. ಬಂಗಾರಪೇಟೆಗೆ ಡಬ್ಲ್ಯು ಎಲ್ಲಿಂದ ಬಂತು ಅಂತ ನಾನು ಎಷ್ಟೋ ವರ್ಷ ಯೋಚನೆನೇ ಮಾಡಿರಲಿಲ್ಲ. ಕೆಜಿಎಫ್ ಪಕ್ಕದ ಊರು, ಚಿನ್ನದ ಊರು, ಹಾಗಾಗಿ ಬಂಗಾರ ಅಂತ ಅಂದುಕೊಂಡಿದ್ದೆ. ಆದರೆ ಹೆಸರು ಬಂದದ್ದು ಬಂಗಾರದಿಂದ ಅಲ್ಲ, ಲೆವಿನ್ ಬೌರಿಂಗ್ ಅನ್ನೋ ಮನುಷ್ಯನಿಂದ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವನು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಬೌರಿಂಗ್ ಇನ್‌ಸ್ಟಿಟ್ಯೂಟ್ ಎಲ್ಲ ಅವನ ಹೆಸರಿನವೇ. ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆ ಆಯ್ತು. ರೈಲ್ವೆಯವರು ಕೋಡು ಬದಲಾಯಿಸೋಕೆ ಹೋಗಲಿಲ್ಲ.

ಈ ಬೌರಿಂಗ್ ಯಾರು ಅಂತ ಹುಡುಕಲು ಹೋಗಿ ನಾನು ಹ್ಯಾನ್ಸಾರ್ಡ್‌ಗೆ ಬಿದ್ದೆ. ಹ್ಯಾನ್ಸಾರ್ಡ್ ಅಂದ್ರೆ ಬ್ರಿಟಿಷ್ ಪಾರ್ಲಿಮೆಂಟಿನ ಕಲಾಪದ ವರದಿ. 1803ರಿಂದ ಈಚಿನದು ಈಗ ಪುಕ್ಕಟೆ ಸಿಗುತ್ತೆ. ಬೆಳಗಿನ ಮಾರಿಕುಪ್ಪಂ ಟ್ರೈನಿನಲ್ಲಿ, ಟೇಕಲ್ ದಾಟಿ ಮಾಲೂರು ಬರುವ ಹೊತ್ತಿಗೆ ನಿಲ್ಲೋಕೂ ಜಾಗ ಇಲ್ಲದಾಗ, ಒಂದು ಕೈಲಿ ಸರಳು ಒಂದು ಕೈಲಿ ಫೋನು ಹಿಡಿದು ಎರಡು ವರ್ಷದಿಂದ ಓದ್ತಾ ಇದ್ದೀನಿ. ಇದು ಆ ಓದಿನ ವಿಮರ್ಶೆ. ಒಬ್ಬ ಲೇಖಕ ಬರೆದ ಪುಸ್ತಕ ಅಲ್ಲದಿದ್ದರೂ ಇದು ಪುಸ್ತಕವೇ. ಗುಣವೂ ಇದೆ, ದೋಷವೂ ಇದೆ.

ಮೊದಲು ಒಂದು ಉಪಯೋಗ ಹೇಳಿಬಿಡ್ತೀನಿ. ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಭಾರತವನ್ನು ಹೊಗಳಿ, ಇವರ ಬೆನ್ನುಮೂಳೆ ಮುರಿಯಬೇಕು ಎಂದು ಭಾಷಣ ಮಾಡಿದ ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತೆ. ನಮ್ಮ ಆಫೀಸಿನ ಗ್ರೂಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತೆ, ಆಗಸ್ಟ್ 15ಕ್ಕೆ ಒಂದು, ಜನವರಿ 26ಕ್ಕೆ ಒಂದು. ಆ ದಿನ ಮೆಕಾಲೆ ಇದ್ದದ್ದು ಲಂಡನ್ನಿನಲ್ಲಿ ಅಲ್ಲ, ಕಲ್ಕತ್ತದಲ್ಲಿ. 1834ರಲ್ಲೇ ಮದ್ರಾಸಿಗೆ ಬಂದಿಳಿದು, ಬೆಂಗಳೂರು, ಶ್ರೀರಂಗಪಟ್ಟಣದ ದಾರಿಯಲ್ಲಿ ಊಟಿಗೆ ಹೋಗಿ, ಆಮೇಲೆ ಕಲ್ಕತ್ತ ಸೇರಿದ್ದ. ಇನ್ನೂ ತಮಾಷೆ ಅಂದ್ರೆ, ಅವತ್ತು ಪಾರ್ಲಿಮೆಂಟೇ ಸೇರಿರಲಿಲ್ಲ. ಚುನಾವಣೆ ಮುಗಿದು ಹೊಸ ಸದನ ಕೂತದ್ದು ಫೆಬ್ರವರಿ 19ಕ್ಕೆ. ಅದೇ ತಾರೀಖಿನ ಅವನ ಶಿಕ್ಷಣದ ಟಿಪ್ಪಣಿ ಒಂದಿದೆ, ನಮ್ಮ ಭಾಷೆಗಳನ್ನು ತುಚ್ಛವಾಗಿ ಕಂಡದ್ದು. ಬೈಯೋದಿದ್ದರೆ ಅದನ್ನು ಓದಿ ಬೈಯಬಹುದು, ಸುಳ್ಳು ಭಾಷಣ ಬೇಕಿಲ್ಲ. ನಮಗೆ ಭಾಷಣ ಬೇಕು, ಕಲಾಪ ಬೇಡ. ಅದೇ ನಮ್ಮ ಕಾಯಿಲೆ.

ಹ್ಯಾನ್ಸಾರ್ಡಿನಲ್ಲಿ ಕಲಾಪವೇ ಮುಖ್ಯ. ಹತ್ತೊಂಬತ್ತನೇ ಶತಮಾನದ ನಡುವಿನ ಒಂದು ದಿನ ತೆಗೆದುಕೊಳ್ಳಿ. ಸಂಜೆ ನಾಲ್ಕರ ಹೊತ್ತಿಗೆ ಕಾಮನ್ಸ್ ಸಭೆ ಸೇರುತ್ತೆ. ಪ್ರಾರ್ಥನೆ. ರೈಲು, ಕಾಲುವೆ, ಊರಿನ ನೀರಿನ ಕಂಪನಿ ಇಂಥ ಖಾಸಗಿ ಮಸೂದೆಗಳು. ಆಮೇಲೆ ಜನರ ಅರ್ಜಿಗಳು. ಅರ್ಜಿಗಳ ಹಾವಳಿ ಎಷ್ಟಾಯ್ತು ಅಂದ್ರೆ 1842ರಲ್ಲಿ, ಅರ್ಜಿ ಒಪ್ಪಿಸಿ, ಅದರ ಮೇಲೆ ಚರ್ಚೆ ಬೇಡ ಅಂತ ನಿಯಮವನ್ನೇ ಮಾಡಿದರು. ಆಮೇಲೆ ಮಂತ್ರಿಗಳಿಗೆ ಪ್ರಶ್ನೆಗಳು. ಆಮೇಲೆ ಆ ದಿನದ ಕೆಲಸ: ಈ ಮಸೂದೆಯ ಎರಡನೇ ವಾಚನ, ಆ ಮಸೂದೆ ಸಮಿತಿಯಲ್ಲಿ, ಇನ್ನೊಂದರ ಮೂರನೇ ವಾಚನ. ಮಧ್ಯರಾತ್ರಿ ದಾಟುತ್ತೆ. ಸದನ ನಡೆಯೋಕೆ ನಲವತ್ತು ಮಂದಿ ಸಾಕು. ಆದರೆ ಯಾರಾದರೂ ಎದ್ದು ನಲವತ್ತು ಇಲ್ಲ ಅಂದರೆ ಸ್ಪೀಕರ್ ತಲೆ ಎಣಿಸಲೇಬೇಕು. ಇಲ್ಲದಿದ್ದರೆ ಸಭೆ ಬರ್ಖಾಸ್ತು. ಮಾತಾಡುತ್ತಿದ್ದವನ ಮಾತು ಅಲ್ಲಿಗೇ ನಿಲ್ಲುತ್ತೆ. ವರದಿಯಲ್ಲಿ ಅದೂ ದಾಖಲು.

ಓದೋಕೆ ಬೋರು. ನಿಜ ಹೇಳ್ತೀನಿ, ಮೊದಲ ತಿಂಗಳು ವೈಟ್‌ಫೀಲ್ಡ್ ಬರುವಷ್ಟರಲ್ಲಿ ನಿದ್ದೆ ಬರ್ತಿತ್ತು. ಆಮೇಲೆ ಗೊತ್ತಾಯ್ತು, ನಾನು ದಿನಾ ಆಫೀಸಿನಲ್ಲಿ ಓದುವ ಕೋಡ್ ಹಿಸ್ಟರಿ ಥರಾನೇ ಇದು. ಯಾವ ಸಾಲು ಯಾರು ಸೇರಿಸಿದ್ದು, ಯಾವಾಗ, ಯಾರು ಬೇಡ ಅಂದರು, ಯಾರು ಸುಮ್ಮನೆ ಒಪ್ಪಿದರು. ಕಾನೂನು ಆಕಾಶದಿಂದ ಇಳಿದದ್ದಲ್ಲ, ಒಂದು ರಾತ್ರಿ ಹನ್ನೆರಡೂವರೆಗೆ ದಣಿದ ಜನ ಒಂದು ಪದ ಬದಲಾಯಿಸಿದ್ದು ಅಂತ ಇದರಲ್ಲಿ ಕಾಣುತ್ತೆ. 1836ರಿಂದ ಯಾರು ಯಾವ ಕಡೆ ಮತ ಹಾಕಿದರು ಅನ್ನೋ ಪಟ್ಟಿಯನ್ನು ಸದನವೇ ಅಚ್ಚು ಹಾಕಿಸತೊಡಗಿತು. ಅದಕ್ಕೆ ಸರಿಯಾಗಿ ಎರಡು ಪಡಸಾಲೆ ಮಾಡಿದರು, ಹೌದು ಅನ್ನುವವರು ಒಂದರಲ್ಲಿ, ಇಲ್ಲ ಅನ್ನುವವರು ಇನ್ನೊಂದರಲ್ಲಿ ನಡೆದು ಹೋಗಬೇಕು. ಕೈ ಎತ್ತಿದ್ದೆ, ಎತ್ತಿರಲಿಲ್ಲ ಅನ್ನೋ ಮಾತೇ ಇಲ್ಲ.

ನಮ್ಮ ಬೌರಿಂಗನ ಅಪ್ಪ ಈ ಪುಟಗಳಲ್ಲೇ ಸಿಕ್ಕಿದ. ಸರ್ ಜಾನ್ ಬೌರಿಂಗ್, 1841ರಿಂದ 1849ರವರೆಗೆ ಬೋಲ್ಟನ್ ಕ್ಷೇತ್ರದ ಸದಸ್ಯ. ಇಂಗ್ಲೆಂಡಿನ ದುಡ್ಡು ದಶಮಾಂಶಕ್ಕೆ ಬರಬೇಕು ಅಂತ 1847ರಲ್ಲಿ ಸದನದಲ್ಲಿ ವಾದಿಸಿದ. ಪೂರ್ತಿ ಆಗಲಿಲ್ಲ, ಆದರೆ 1849ರಲ್ಲಿ ಪೌಂಡಿನ ಹತ್ತನೇ ಒಂದರಷ್ಟು ಬೆಲೆಯ ಫ್ಲಾರಿನ್ ನಾಣ್ಯ ಬಂತು. ಎಂಟು ವರ್ಷ ಆದಮೇಲೆ ಅದೇ ಸದನ ಅವನ ವಿಚಾರಣೆಗೆ ಕೂತಿತು. ಹಾಂಗ್‌ಕಾಂಗ್ ಗವರ್ನರ್ ಆಗಿ ಅವನು ಕ್ಯಾಂಟನ್ ನಗರದ ಮೇಲೆ ಫಿರಂಗಿ ಹಾರಿಸಲು ಒಪ್ಪಿದ್ದ. ಅವನ ಹಳೇ ಸ್ನೇಹಿತ ರಿಚರ್ಡ್ ಕಾಬ್ಡೆನ್ ಅದರ ವಿರುದ್ಧ ಗೊತ್ತುವಳಿ ತಂದ. ನಾಲ್ಕು ರಾತ್ರಿ ಚರ್ಚೆ. 1857ರ ಮಾರ್ಚ್ 3ರಂದು ಮತ: 263ಕ್ಕೆ 247. ಸರ್ಕಾರ ಸೋತಿತು. ಪಾಮರ್‌ಸ್ಟನ್ ಸದನ ವಿಸರ್ಜಿಸಿ ಚುನಾವಣೆಗೆ ಹೋದ, ಗೆದ್ದ. ಕಾಬ್ಡೆನ್ನೇ ಸೋತುಹೋದ. ಅಂದ್ರೆ ಸದನ ಸರಿ ಅಂದದ್ದನ್ನು ಜನ ಸರಿ ಅನ್ನಲಿಲ್ಲ. ಆದರೂ ಆ 263 ಹೆಸರು ಉಳಿದಿದೆ.

ಇನ್ನು ದೋಷಕ್ಕೆ ಬರ್ತೀನಿ.

ಮೊದಲನೆಯದು, ಇದು ಯಾರ ಬಾಯಿಂದ ಬಂದ ಮಾತೂ ಅಲ್ಲ. ಆ ಕಾಲದ ಹ್ಯಾನ್ಸಾರ್ಡಿಗೆ ಬಹುಪಾಲು ಸ್ವಂತ ವರದಿಗಾರರೇ ಇರಲಿಲ್ಲ. ಪತ್ರಿಕೆಗಳ ವರದಿ ಒಟ್ಟುಮಾಡಿ, ಹೊಲಿದು, ಸದಸ್ಯರಿಗೆ ತಿದ್ದಲು ಕೊಟ್ಟು ಅಚ್ಚು ಹಾಕುತ್ತಿದ್ದರು. ಇಂಥವರು ತಮಗೆ ಹೀಗೆ ಅನ್ನಿಸುತ್ತದೆ ಎಂದು ಹೇಳಿದರು ಅನ್ನೋ ಧಾಟಿ. ಸಿಟ್ಟು, ತೊದಲು, ಬೈಗುಳ ಎಲ್ಲಕ್ಕೂ ಇಸ್ತ್ರಿ. ಎರಡನೆಯದು ಇನ್ನೂ ದೊಡ್ಡದು. ಪತ್ರಿಕೆ ಮುದ್ರಣಕ್ಕೆ ಹೋದ ಮೇಲೆ, ಮಧ್ಯರಾತ್ರಿಯ ನಂತರ, ಸಮಿತಿಯಲ್ಲಿ ಏನಾಯ್ತು ಅನ್ನೋದು ತೆಳ್ಳಗೆ ಸಿಗುತ್ತೆ. 1878ರಲ್ಲಿ ಈ ತೂತು ಮುಚ್ಚಲೆಂದೇ ಸರ್ಕಾರ ಹ್ಯಾನ್ಸಾರ್ಡಿಗೆ ಹಣ ಕೊಡಬೇಕಾಯ್ತು. ಕಾನೂನಿನ ನಿಜವಾದ ಕೆಲಸ ನಡೆದದ್ದೇ ಆ ಹೊತ್ತಿನಲ್ಲಿ. ಮೂರನೆಯದು ನಮಗೆ ಸಂಬಂಧಿಸಿದ್ದು.

1867ರ ಮೇ 24ರಂದು ಕಾಮನ್ಸ್‌ನಲ್ಲಿ ಮೈಸೂರಿನ ಚರ್ಚೆ. 1831ರಿಂದ ಬ್ರಿಟಿಷರು ಕಮಿಷನರ್ ಇಟ್ಟು ಆಳುತ್ತಿದ್ದ ಸಂಸ್ಥಾನವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನಿಗೆ ವಾಪಸು ಕೊಡಬೇಕೋ ನುಂಗಬೇಕೋ ಅನ್ನೋದು ವಿಷಯ. ಆಗ ಕಮಿಷನರ್ ನಮ್ಮ ಬೌರಿಂಗೇ. ಕೆಲವೇ ತಿಂಗಳ ಹಿಂದೆ ಭಾರತ ಖಾತೆ ಬಿಟ್ಟಿದ್ದ ಲಾರ್ಡ್ ಕ್ರಾನ್‌ಬೋರ್ನ್ ಮಾತಾಡಿದ. ದೇಶೀ ರಾಜರ ಹಿಂಸೆ ಬ್ರಿಟಿಷ್ ಆಡಳಿತದಲ್ಲಿ ಇಲ್ಲದಿರಬಹುದು, ಆದರೆ ಅದಕ್ಕೆ ಅದರದೇ ರೋಗಗಳಿವೆ, ಜಡತನ, ಹೊಣೆ ಹೊರಲು ಭಯ, ಎಲ್ಲ ಒಂದೇ ಕಡೆ ಕೂಡಿಹಾಕೋದು ಅನ್ನೋ ಅರ್ಥದ ಮಾತು. ಇಡೀ ಶತಮಾನದ ಹ್ಯಾನ್ಸಾರ್ಡಿನಲ್ಲಿ ನಾನು ಓದಿದ ಒಳ್ಳೆಯ ಭಾಷಣಗಳಲ್ಲಿ ಅದೊಂದು. ಆದರೆ ರಾಜಮನೆತನ ಉಳಿಸುವ ನಿರ್ಧಾರ ಏಪ್ರಿಲ್‌ನಲ್ಲೇ ಪತ್ರದ ಮೂಲಕ ಆಗಿಹೋಗಿತ್ತು. ಮೇ ತಿಂಗಳಲ್ಲಿ ಸದನ ಮಾಡಿದ್ದು ಮುಗಿದ ಮದುವೆಗೆ ಜಾತಕ ನೋಡುವ ಕೆಲಸ. ಮೈಸೂರಿನ ಒಬ್ಬ ಮನುಷ್ಯನಿಗೂ ಅಲ್ಲಿ ಮಾತಿಲ್ಲ. ಅದೇ ವಾರಗಳಲ್ಲಿ ಅದೇ ಸದನ ಇಂಗ್ಲೆಂಡಿನ ಕೂಲಿಕಾರರಿಗೆ ಮತ ಕೊಡುವ ಸುಧಾರಣಾ ಮಸೂದೆಯ ಮೇಲೆ ಪದಪದಕ್ಕೂ ಹೊಡೆದಾಡುತ್ತಿತ್ತು. ಒಂದು ಸದನ, ಎರಡು ಅಳತೆ.

ವರ್ಷಕ್ಕೊಮ್ಮೆ ಭಾರತದ ಲೆಕ್ಕಪತ್ರ ಬರುತ್ತಿತ್ತು. ಅದಕ್ಕೆ ಕೊಡುತ್ತಿದ್ದ ದಿನ ಅಧಿವೇಶನದ ಕೊನೆಯ ದಿನಗಳಲ್ಲಿ ಒಂದು, ಸಾಮಾನ್ಯವಾಗಿ ಜುಲೈ ಇಲ್ಲವೇ ಆಗಸ್ಟ್, ಸದಸ್ಯರು ಬೇಟೆಗೆ, ಹಳ್ಳಿ ಮನೆಗೆ ಹೊರಟ ಮೇಲೆ. ಖಾಲಿ ಬೆಂಚುಗಳ ಮುಂದೆ ಕೋಟಿಗಟ್ಟಲೆ ಜನರ ಲೆಕ್ಕ. ಕಣ್ಣು ಕಾಣದ ಹೆನ್ರಿ ಫಾಸೆಟ್ ಅಂಥವರು ಹಟ ಹಿಡಿದು ಪ್ರಶ್ನೆ ಕೇಳುತ್ತಿದ್ದರು, ಅದಕ್ಕೇ ಅವರಿಗೆ ಭಾರತದ ಸದಸ್ಯ ಅನ್ನೋ ಹೆಸರು ಬಂತು. ಹ್ಯಾನ್ಸಾರ್ಡ್ ಆ ಭಾಷಣಗಳನ್ನು ಉಳಿಸಿದೆ. ಎದುರಿಗಿದ್ದ ಖಾಲಿ ಬೆಂಚನ್ನು ನಾವೇ ಊಹಿಸಿಕೊಂಡು ಓದಬೇಕು.

ಗಣಿ ಪ್ರದೇಶದವನಾಗಿ ನನ್ನನ್ನು ಹೆಚ್ಚು ಕಾಡಿದ್ದು 1842ರ ಪುಟಗಳು. ಕಲ್ಲಿದ್ದಲು ಗಣಿಯೊಳಗೆ ಹೆಂಗಸರೂ ಹದಿಮೂರು ವರ್ಷದೊಳಗಿನ ಹುಡುಗರೂ ಕೆಲಸ ಮಾಡಬಾರದು ಅನ್ನೋ ಮಸೂದೆಯನ್ನು ಜೂನ್ 7ರಂದು ಲಾರ್ಡ್ ಆಶ್ಲಿ ತಂದ. ಗಣಿ ಮಾಲೀಕ ಲಾರ್ಡ್ ಲಂಡನ್‌ಡೆರಿ ಮೇಲ್ಮನೆಯಲ್ಲಿ ವಿರೋಧಿಸಿದ. ಮೇಲ್ಮನೆ ಅದನ್ನು ಮೆತ್ತಗೆ ಮಾಡಿ ಆಗಸ್ಟ್‌ನಲ್ಲಿ ಪಾಸು ಮಾಡಿತು. ಯಾರು ಮಕ್ಕಳ ಪರ, ಯಾರು ಕಲ್ಲಿದ್ದಲಿನ ಪರ ಅಂತ ಇವತ್ತು ಟ್ರೈನಿನಲ್ಲಿ ನಿಂತುಕೊಂಡು ಓದಬಹುದು.

ಕೆಜಿಎಫ್‌ಗೆ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕುವ ಹೊತ್ತಿಗೆ ಸುರಂಗ ಮೂರು ಕಿಲೋಮೀಟರಿಗೂ ಆಳ. ಇಂಗ್ಲೆಂಡಿನ ಗಣಿ ಕಾನೂನು ಸಮುದ್ರ ದಾಟಿ ಇಲ್ಲಿಗೆ ಬರಲಿಲ್ಲ. ಕಂಪನಿಯ ಸಭೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ, ಷೇರುದಾರರ ಮುಂದೆ. ಇಲ್ಲಿ ಒಳಗಿಳಿದವರು ಹೆಚ್ಚಾಗಿ ಆರ್ಕಾಟು, ಸೇಲಂ ಕಡೆಯ ದಲಿತರು. 1930ರಲ್ಲಿ ಅವರೆಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಮುಷ್ಕರ ಹೂಡಿದರು. ಅವರ ಬೆರಳು ದಾಖಲಾಗಬೇಕಿತ್ತು, ಮಾತು ಬೇಕಿರಲಿಲ್ಲ.

ಮೈಸೂರಿನವರು ನೆಟ್ಟಗೆ ಒಂದು ಪ್ರಯತ್ನ ಮಾಡಿದರು ಅನ್ನೋದನ್ನೂ ಹೇಳಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಅಕ್ಟೋಬರ್ 7ರ ಮೊದಲ ಸಭೆಗೆ 144 ಮಂದಿ. ಮತ ಹಾಕುವ ಹಾಗಿಲ್ಲ, ಕಾನೂನು ಮಾಡುವ ಹಾಗಿಲ್ಲ. ದಿವಾನರು ವರ್ಷದ ಲೆಕ್ಕ ಓದುತ್ತಾರೆ, ತಾಲ್ಲೂಕಿನವರು ಕೆರೆ, ರಸ್ತೆ, ಸ್ಕೂಲು ಅಂತ ಕೇಳಿಕೊಳ್ಳುತ್ತಾರೆ. ಬರೀ ತೋರಿಕೆ ಅಂತ ಅನ್ನಬಹುದು. ಆದರೂ ಕೇಳಿದ್ದು ಅಚ್ಚಾಗುತ್ತಿತ್ತು. ಆಗ ನಮ್ಮ ತಾಲ್ಲೂಕಿಗೇ ಸೇರಿದ್ದ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ ಆದರು ಅಂದ್ರೆ ಆ ದಾರಿ ಎಲ್ಲಿಗೋ ಹೋಯ್ತು.

ಇಷ್ಟೆಲ್ಲ ಓದಿ ನನಗೇನಾಯ್ತು? ಹೋದ ವರ್ಷ ನಮ್ಮೂರಿನ ಗ್ರಾಮಸಭೆಯಲ್ಲಿ ಅಪ್ಪ ಎದ್ದು, ಶುದ್ಧ ನೀರಿನ ಘಟಕ ಎಂಟು ತಿಂಗಳಿಂದ ಕೆಟ್ಟಿದೆ, ರಿಪೇರಿ ಯಾವಾಗ ಅಂತ ಕೇಳಿದ್ದರು. ಫ್ಲೋರೈಡ್ ನೀರಿನ ಜಿಲ್ಲೆ ನಮ್ಮದು, ಇದು ಸಣ್ಣ ಪ್ರಶ್ನೆ ಅಲ್ಲ. ಆಮೇಲೆ ನಾನು ನಡವಳಿ ಪುಸ್ತಕ ಕೇಳಿ ನೋಡಿದೆ. ಕುಡಿಯುವ ನೀರಿನ ವಿಷಯ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು ಅಂತ ಒಂದು ಸಾಲು. ಯಾರು ಕೇಳಿದರು, ಯಾರು ಏನು ಉತ್ತರ ಕೊಟ್ಟರು, ಏನು ತೀರ್ಮಾನ, ಒಂದೂ ಇಲ್ಲ. ಕೆಳಗೆ ಸಹಿಗಳು. ಅದರಲ್ಲಿ ನನ್ನದೂ ಇತ್ತು. ಅವತ್ತು ನಾನು ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದೆ.

ಮನೆಗೆ ಹೋಗಿ ಕೇಳಿದೆ. ಅಪ್ಪ ದನಕ್ಕೆ ಹುಲ್ಲು ಹಾಕುತ್ತಾ, "ಕೋರಮ್ಮು ಸಾಲ್ದು ಅಂದ್ರು. ನಿಂದೂ ನಾನೇ ಆಕ್ದೆ. ಏನಾಯ್ತೀಗ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಎರಡು ವರ್ಷ ಇನ್ನೊಂದು ದೇಶದ ನಲವತ್ತು ತಲೆಯ ಲೆಕ್ಕ ಓದಿದವನು ನನ್ನದೇ ಊರಿನ ಲೆಕ್ಕದಲ್ಲಿ ಸುಳ್ಳು ತಲೆ ಆಗಿದ್ದೆ. ಹ್ಯಾನ್ಸಾರ್ಡಿನ ತಪ್ಪುಗಳನ್ನು ಮೇಲೆ ಪಟ್ಟಿ ಮಾಡಿದೆನಲ್ಲ, ಆ ಪಟ್ಟಿ ಮಾಡೋಕೆ ಆಗಿದ್ದೇ ಅದರಲ್ಲಿ ಅಷ್ಟು ಬರೆದಿಟ್ಟಿರುವುದರಿಂದ. ಬರೆಯದೇ ಇದ್ದದ್ದನ್ನು ತಪ್ಪು ಅಂತ ತೋರಿಸೋಕೂ ಆಗಲ್ಲ. ಆ ಸದನ ನಮಗೆ ನ್ಯಾಯ ಮಾಡಲಿಲ್ಲ, ಅದಕ್ಕೆ ಸಾಕ್ಷಿ ಅದರದೇ ಪುಸ್ತಕ. ನಮ್ಮ ಪುಸ್ತಕದಲ್ಲಿ ಎಲ್ಲವೂ ಸರ್ವಾನುಮತ.

ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಹೋದೆ. ಪ್ರಶ್ನೆಯನ್ನು ಕೇಳಿದವರ ಹೆಸರು ಹಾಕಿ ಬರೀರಿ ಅಂದೆ. ಬರೆಯುತ್ತಿದ್ದವರು ಒಳ್ಳೆಯ ಮನುಷ್ಯ, "ಅದಕ್ಕೆ ಕಾಲಂ ಇಲ್ಲ ಸರ್" ಅಂದರು. ಪುಟದ ಅಂಚಿನಲ್ಲಾದರೂ ಬರೀರಿ ಅಂದೆ. ಅಪ್ಪ ಎದ್ದು ನಿಂತು, ಸ್ಕೂಲಿನಲ್ಲಿ ಮೇಷ್ಟ್ರು ಡಿಕ್ಟೇಷನ್ ಕೊಡುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಅಂಚಿನಲ್ಲಿ ಎರಡೂವರೆ ಸಾಲು ಆಯ್ತು, ಅಪ್ಪನ ಹೆಸರು ಸಮೇತ. ಘಟಕ ಇನ್ನೂ ರಿಪೇರಿ ಆಗಿಲ್ಲ.